ಎಳ್ಳೆಣ್ಣೆ ಕುಡಿದ ಗಡಿಗೆ

ಕಳೆದ ತಿಂಗಳು ಮಾನ್ವಿಯ ಕಾಲೇಜಿನಲ್ಲಿ ಪಾಠ ಮುಗಿಸಿ ರಾಯಚೂರಿನ ಬಸ್ಸಿಗೆ ಹೊರಟವಳು, ರೊಟ್ಟಿ ಕಟ್ಟಿಸಿಕೊಂಡು ಹೋಗೋಣವೆಂದು ಬಸ್ ನಿಲ್ದಾಣದ ಹಿಂದಿನ ಓಣಿಗೆ ತಿರುಗಿದೆ. ಅಲ್ಲಿ ಒಬ್ಬಾಕೆ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುತ್ತಾಳೆಂದು ಸಹೋದ್ಯೋಗಿಯೊಬ್ಬರು ಹೇಳಿದ್ದರು. ಬಾಗಿಲಿಗೆ ಹೋಗಿ ನಿಂತರೆ ರೊಟ್ಟಿಯ ವಾಸನೆಗಿಂತ ಮೊದಲು ಇನ್ನೊಂದು ವಾಸನೆ ಬಂತು. ಬಿಸಿ ಮಾಡಿದ ಎಳ್ಳೆಣ್ಣೆ, ಅದರ ಜೊತೆ ಹೊಸ ಮಣ್ಣು... ಅಂಗಳದ ಮೂಲೆಯಲ್ಲಿ ಒಂದು ಹೊಸ ಗಡಿಗೆ ಬಿಸಿಲಿಗೆ ಬಾಯಿ ತೆರೆದು ಕೂತಿತ್ತು. ಅದರ ಒಳಮೈಗೆಲ್ಲ ಯಾರೋ ಎಣ್ಣೆ ಸವರಿಟ್ಟಿದ್ದರು.

ನಾನು ರಸಾಯನಶಾಸ್ತ್ರ ಕಲಿಸುವವಳು. ಆಮ್ಲ, ಗಂಧಕ, ಅಮೋನಿಯಾ ಎಲ್ಲ ಮೂಸಿ ಮೂಸಿ ಮೂಗು ಜಡ್ಡುಗಟ್ಟಿದೆ ಎಂದುಕೊಂಡಿದ್ದೆ. ಈ ವಾಸನೆಗೆ ಮಾತ್ರ ಕಾಲು ನಿಂತಲ್ಲೇ ನಿಂತವು. ನನಗೆ ನೆನಪಾದದ್ದು ಒಬ್ಬ ಮುದುಕಿ. ಮೂವತ್ತು ವರ್ಷದ ಹಿಂದೆ ನಾನು ಆಕೆಗೆ ಒಂದು ಅನ್ಯಾಯ ಮಾಡಿದೆ. ಅದು ಅನ್ಯಾಯ ಎಂದು ಗೊತ್ತಾದ ಮೇಲೂ ಸುಮ್ಮನಿದ್ದೆ. ಮೊದಲಿನದನ್ನು ತಿಳಿಯದೆ ಮಾಡಿದ್ದು ಅನ್ನಬಹುದು. ಎರಡನೆಯದಕ್ಕೆ ನನ್ನ ಹತ್ತಿರ ಯಾವ ನೆಪವೂ ಇಲ್ಲ.

ಆಗ ನಾನು ರಾಯಚೂರಿನಲ್ಲಿ ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದೆ. ನಮ್ಮ ಓಣಿಗೆ ಹದಿನೈದು ದಿನಕ್ಕೊಮ್ಮೆ ಆಕೆ ಬೆಳಗಿನ ದೇವದುರ್ಗದ ಬಸ್ಸಿನಲ್ಲಿ ತುಪ್ಪ ತರುತ್ತಿದ್ದಳು. ಊರು ದೇವದುರ್ಗದಿಂದಲೂ ಒಳಗೆ, ಹೊಳೆಯ ಕಡೆಗೆ. ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಬಾಯಿಗೆ ಬಿಳಿ ಬಟ್ಟೆ ಕಟ್ಟಿದ ಮಣ್ಣಿನ ಗಡಿಗೆ, ಕೈಯಲ್ಲಿ ಅಳೆಯುವ ಹಿತ್ತಾಳೆಯ ಪಾವು. ಎಲ್ಲರೂ ಆಕೆಯನ್ನು ತುಪ್ಪದವ್ವ ಎಂದೇ ಕರೆಯುತ್ತಿದ್ದರು. ಬೇರೊಂದು ಹೆಸರು ಇದ್ದೇ ಇರಬೇಕು, ನಾನು ಕೇಳಲಿಲ್ಲ. ಕೊಬ್ಬಿನಾಮ್ಲಗಳ ಹೆಸರುಗಳನ್ನು ಉರು ಹೊಡೆಯುತ್ತಿದ್ದ ದಿನಗಳಲ್ಲಿ ಆ ಒಂದು ಹೆಸರು ಬೇಕೆನಿಸಲಿಲ್ಲ.

ಆಕೆಯ ಎಮ್ಮೆ ತುಪ್ಪ ಗಟ್ಟಿಯಾದಾಗ ರವೆಯ ಹಾಗೆ ಹರಳು ಹರಳಾಗಿ ನಿಲ್ಲುತ್ತಿತ್ತು. ಎದುರು ಮನೆಯ ಚಾಚಿ ಒಂದು ಹನಿಯನ್ನು ಕೈಯ ಹಿಂಬದಿಗೆ ತಿಕ್ಕಿ, ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, "ಅಸ್ಲಿ" ಎನ್ನುತ್ತಿದ್ದರು. ಅದಾದ ಮೇಲೆಯೇ ಓಣಿಯ ಉಳಿದ ಹೆಂಗಸರು ಡಬ್ಬಿ ಹಿಡಿದು ಬರುತ್ತಿದ್ದದ್ದು. ನಮ್ಮ ಓಣಿಯ ಬಾಣಂತಿಯರೆಲ್ಲ ಆಕೆಯ ತುಪ್ಪ ಉಂಡು ಎದ್ದವರು. ಯಾರ ಮನೆಯಲ್ಲಿ ಯಾರಿಗೆ ಎಷ್ಟು ತಿಂಗಳು ಎಂಬುದು ಆಕೆಗೆ ಬಾಯಿಪಾಠವಿತ್ತು, ಆ ಲೆಕ್ಕದ ಮೇಲೆಯೇ ಬೆಣ್ಣೆ ಕೂಡಿಡುತ್ತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಗಡಿಗೆ ಖಾಲಿ. ತಿರುಗಿ ಹೋಗುವ ಬಸ್ಸು ಮೂರು ಗಂಟೆಗೆ. ಅಲ್ಲಿಯವರೆಗೆ ಆಕೆ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದಳು. ಜೋಳದ ರೊಟ್ಟಿ, ಪುಂಡಿ ಪಲ್ಯ, ಒಂದು ಉಳ್ಳಾಗಡ್ಡಿ. ತುಪ್ಪ ಮಾರುವವಳ ರೊಟ್ಟಿಯ ಮೇಲೆ ತುಪ್ಪ ನಾನು ಯಾವತ್ತೂ ನೋಡಲಿಲ್ಲ. ಬಾಗಿಲಲ್ಲಿ ಕೂತು ಜೋರಾಗಿ ಓದುವುದು ನನ್ನ ಚಾಳಿ. ಒಂದು ದಿನ ಆಕೆ ಅಗಿಯುವುದನ್ನು ನಿಲ್ಲಿಸಿ ಕೇಳಿದಳು.

"ಏನ್ ಓದಾಕತ್ತಿಯವ್ವಾ, ಒಬ್ಬಾಕೇ ಕುಂತು ಜಗಳಾಡಿದಂಗ?"

"ಪಿಷ್ಟ ಅಂತ ಓದಾಕತ್ತೀನಿ. ನೀ ತಿನ್ನಾಕತ್ತೀಯಲ್ಲ ರೊಟ್ಟಿ, ಅದರ ತುಂಬ ಸಕ್ರಿ ಅದ."

"ಸಕ್ರಿ? ಉಪ್ಪು ಹಾಕಿ ನಾನೇ ಬಡದೀನಿ. ಸಕ್ರಿ ಎಲ್ಲಿಂದ ಬಂತು?"

"ಒಂದು ತುತ್ತು ನುಂಗಬ್ಯಾಡ. ಬಾಯಾಗ ಇಟ್ಕೊಂಡು ಅಗೀತಾ ಇರು."

ಆಕೆ ಅಗಿದಳು, ನಾನು ಮುಖವನ್ನೇ ನೋಡುತ್ತ ಕೂತೆ. ಸ್ವಲ್ಪ ಹೊತ್ತಿನಲ್ಲಿ ಹುಬ್ಬು ಮೇಲೇರಿದವು. "ಹೌದಲ್ಲವ್ವಾ, ಸಿಹಿ ಆತು! ಇಷ್ಟು ವರ್ಷ ತಿಂದೀನಿ, ಗೊತ್ತೇ ಆಗಿಲ್ಲ ನೋಡು." ನಾನು ಉಬ್ಬಿಹೋದೆ. ಪಿಷ್ಟವೆಂದರೆ ಸಕ್ಕರೆಯ ಮಣಿಗಳನ್ನು ಪೋಣಿಸಿದ ಉದ್ದದ ಸರ, ಬಾಯಿಯ ಎಂಜಲಿನಲ್ಲಿ ಆ ಸರ ಕತ್ತರಿಸುವ ವಸ್ತುವಿದೆ, ಕರುಳಿನಲ್ಲಿ ಉಳಿದ ಸರವೂ ಹರಿದು ಬಿಡಿ ಮಣಿಗಳಾಗಿ ರಕ್ತಕ್ಕೆ ಸೇರುತ್ತದೆ, ಕೈಕಾಲು ಆಡುವುದು, ತಲೆ ಓಡುವುದು ಎಲ್ಲ ಅದನ್ನು ಸುಟ್ಟುಕೊಂಡೇ ಎಂದೆಲ್ಲ ಹೇಳಿದೆ. ಆ ಹೊತ್ತಿಗೆ ಬೇಡವಾದದ್ದು ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲಿ ಒಂದಿಷ್ಟು ಶೇಖರವಾಗುತ್ತದೆ, ಅದಕ್ಕೂ ಹೆಚ್ಚಾದದ್ದು ಕೊಬ್ಬಾಗಿ ಮೈಯಲ್ಲಿ ಕೂಡುತ್ತದೆ ಎಂದೂ ಹೇಳಿದೆ. ಆಕೆ ತನ್ನ ಒಣಗಿದ ತೋಳು ಮುಟ್ಟಿ ನೋಡಿಕೊಂಡು, "ನನಗ ಹೆಚ್ಚಾಗಿದ್ದೇ ಇಲ್ಲ ಹಂಗಾರ" ಎಂದು ನಕ್ಕಳು.

ಅಲ್ಲಿಂದ ಅದು ರೂಢಿಯಾಯಿತು. ತುಪ್ಪ ಎಂದರೇನು ಎಂದು ಕೇಳಿದಾಗ, ಗ್ಲಿಸರಾಲ್ ಎಂಬ ಒಂದು ನೊಗಕ್ಕೆ ಮೂರು ಕೊಬ್ಬಿನಾಮ್ಲ ಕಟ್ಟಿದಂತೆ ಎಂದು ಬಲು ಜಾಣತನದಿಂದ ವಿವರಿಸಿದೆ.

"ನೊಗಕ್ಕ ಎಲ್ಲ್ಯಾರ ಮೂರು ಎತ್ತು ಕಟ್ತಾರೇನವ್ವಾ? ನಿಮ್ಮ ಪುಸ್ತಕ ಬರದಾವ ಹೊಲ ನೋಡಿಲ್ಲ ತಗೋ."

ಒಂದೇ ತೂಕದ ರೊಟ್ಟಿಗಿಂತ ತುಪ್ಪದಲ್ಲಿ ಎರಡು ಪಟ್ಟಿಗೂ ಮಿಕ್ಕಿ ಶಕ್ತಿಯಿದೆ, ಅದು ನಿಧಾನಕ್ಕೆ ಕರಗುತ್ತದೆ ಎಂದಾಗ ಮಾತ್ರ ಆಕೆ ಗಂಭೀರವಾಗಿ ತಲೆಯಾಡಿಸಿದಳು. "ಅದಕ್ಕ ನೋಡು, ಬರೇ ರೊಟ್ಟಿ ತಿಂದು ಹೊಲಕ್ಕ ಹೋದ್ರ ಹೊತ್ತು ಏರೂದ್ರಾಗ ಹೊಟ್ಟಿ ಕರೀತದ. ಮ್ಯಾಲ ಒಂದು ಚಮಚ ತುಪ್ಪ ಬಿದ್ರ ಸಂಜೀತನ ತಡೀತದ." ಕಣ್ಣಿಗೆ ಬೇಕಾದ ಜೀವಸತ್ವ ನೀರಿನಲ್ಲಿ ಕರಗದು, ಕೊಬ್ಬಿನಲ್ಲೇ ಕರಗಬೇಕು ಎಂದು ಹೇಳಿಕೊಟ್ಟದ್ದನ್ನು ಮುಂದಿನ ಸಲ ಚಾಚಿಯ ಮನೆಯ ಮುಂದೆ ತಾನೇ ಹೇಳುತ್ತಿದ್ದಳು. "ನಮ್ಮ ಸಣ್ಣವ್ವ ಹೇಳ್ಯಾಳ" ಎಂದು ನನ್ನ ಕಡೆ ಕೈ ತೋರಿಸಿದಳು. ಇಷ್ಟು ವರ್ಷಗಳಲ್ಲಿ ಎಷ್ಟು ಮಕ್ಕಳಿಗೆ ಪಾಠ ಹೇಳಿದ್ದೇನೋ... ಹೇಳಿದ್ದನ್ನು ಬಾಯಲ್ಲಿ ಇಟ್ಟುಕೊಂಡು ಅಗಿದು ನೋಡಿ ನಂಬಿದವಳು ಆಕೆಯೊಬ್ಬಳೇ. ನನ್ನ ಮೊದಲ ವಿದ್ಯಾರ್ಥಿನಿ ಆಕೆ.

ಆ ವರ್ಷ ನಮ್ಮಕ್ಕ ಹೆರಿಗೆಗೆ ಬಂದಳು. ಗಂಡು ಕೂಸಾಯಿತು. ಅವ್ವ ತುಪ್ಪದವ್ವನಿಗೆ ಮೊದಲೇ ಎರಡು ಸೇರು ಹೇಳಿಟ್ಟಿದ್ದಳು. ಅದೇ ವಾರ ಕಾಲೇಜಿನಲ್ಲಿ ಕಲಬೆರಕೆ ಪರೀಕ್ಷೆಗಳ ಪಾಠ ನಡೆದಿತ್ತು. ಕರಗಿಸಿದ ತುಪ್ಪಕ್ಕೆ ಅಷ್ಟೇ ಪ್ರಮಾಣದ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ, ಒಂದು ಚಿಟಿಕೆ ಸಕ್ಕರೆ ಸೇರಿಸಿ ಕುಲುಕಿ ಇಟ್ಟರೆ, ಗಟ್ಟಿ ಮಾಡಿದ ಅಗ್ಗದ ಸಸ್ಯದೆಣ್ಣೆಯಾದ ವನಸ್ಪತಿ ಬೆರೆಸಿದ್ದಾಗ ಕೆಳಗಿನ ಆಮ್ಲ ಕೆಂಪಾಗುತ್ತದೆ. ನಮ್ಮ ಮೇಷ್ಟ್ರು ಮಾಡಿ ತೋರಿಸಿದ್ದರು. ಯಾಕೆ ಕೆಂಪಾಗುತ್ತದೆ ಎಂದು ನಾನು ಕೇಳಲಿಲ್ಲ. ಪರೀಕ್ಷೆಯಲ್ಲಿ ಬಣ್ಣ ಬರೆದರೆ ಅಂಕ ಸಿಗುತ್ತಿತ್ತು, ಕಾರಣಕ್ಕೆ ಬೇರೆ ಅಂಕ ಇರಲಿಲ್ಲ. ಪ್ರಯೋಗಾಲಯದಿಂದ ಯಾರಿಗೂ ಹೇಳದೆ ಸಣ್ಣ ಶೀಶೆಯಲ್ಲಿ ಆಮ್ಲ, ಒಂದು ಗಾಜಿನ ನಳಿಗೆ ತಂದಿಟ್ಟುಕೊಂಡಿದ್ದೆ. ತುಪ್ಪದವ್ವನ ಮೇಲೆ ಅನುಮಾನ ಇತ್ತೆಂದಲ್ಲ. ಆಟದ ಸಾಮಾನು ಸಿಕ್ಕ ಹುಡುಗಿಯ ಹುಮ್ಮಸ್ಸು, ಅಷ್ಟೇ.

ಆಕೆ ಬಂದಾಗ ಹೇಳಿದೆ, ಇವತ್ತು ನಿನ್ನ ತುಪ್ಪ ಪರೀಕ್ಷೆ ಮಾಡುತ್ತೇನೆ ಎಂದು. ಆಕೆ ಬೇಸರಪಟ್ಟುಕೊಳ್ಳಲಿಲ್ಲ, ಖುಷಿಪಟ್ಟಳು. ಓಣಿಯ ನಡುವೆ ನಿಂತು ತಾನೇ ಎಲ್ಲರನ್ನೂ ಕೂಗಿದಳು. "ಬರ್ರಿ ಯವ್ವಾ, ಬರ್ರಿ. ನನ್ನ ತುಪ್ಪಕ್ಕ ಇವತ್ತು ಪರೀಕ್ಷಾ ಅದ. ನಮ್ಮ ಸಣ್ಣವ್ವ ಪಾಸು ಮಾಡ್ತಾಳ." ಹೆಂಗಸರು ಸೊಂಟದ ಮೇಲೆ ಕೈಯಿಟ್ಟುಕೊಂಡು ಕಟ್ಟೆಯ ಸುತ್ತ ನಿಂತರು. ಚಾಚಿಯೂ ಬಂದರು. ನಾನು ನಳಿಗೆಯನ್ನು ಕುಲುಕಿ, ಗೋಡೆಗೆ ಒರಗಿಸಿಟ್ಟು, ದೊಡ್ಡ ಡಾಕ್ಟರರ ಹಾಗೆ ಗಡಿಯಾರ ನೋಡಿದೆ.

ಐದು ನಿಮಿಷಕ್ಕೆ ಕೆಳಗಿನ ಆಮ್ಲ ಗುಲಾಬಿಯಾಯಿತು. ನೋಡನೋಡುತ್ತ ದಾಸವಾಳದಷ್ಟು ಕೆಂಪಾಯಿತು.

"ಕೆಂಪಾದ್ರ ಏನಂತವ್ವಾ? ಪಾಸಾತೇನು?" ಎಂದು ತುಪ್ಪದವ್ವ ಕೇಳಿದಳು. ವನಸ್ಪತಿ ಬೆರೆತಿದೆ ಎಂದು ನಾನು ಹೇಳಿದೆ. ಮೆಲ್ಲಗೆ ಹೇಳಬಹುದಿತ್ತು, ಒಳಗೆ ಕರೆದು ಹೇಳಬಹುದಿತ್ತು. ತರಗತಿಯಲ್ಲಿ ಉತ್ತರ ಹೇಳುವ ದನಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದೆ.

"ಇಲ್ಲವ್ವಾ, ಏನೂ ಹಾಕಿಲ್ಲ. ಗಡಿಗಿ ಹೊಸಾದು. ಹೊಸ ಗಡಿಗಿ ತುಪ್ಪ ಕುಡೀತದ ಅಂತ ಎಳ್ಳೆಣ್ಣಿ ಕಾಸಿ ಮೂರು ದಿನ ಕುಡಿಸೀನಿ. ಕುಸಬಿ ಎಣ್ಣಿ ಹಚ್ಚಿದ್ರ ಜಿಗಟ ಆಗ್ತದ, ಎಳ್ಳೆಣ್ಣಿ ಕಮಟು ಆಗೂದಿಲ್ಲ. ನಮ್ಮತ್ತಿ ಕಾಲದಿಂದ ಹಂಗ ಮಾಡ್ತೀವಿ. ಮಣ್ಣಿನ ಬಣ್ಣ ಏನಾರ ಬಿಟ್ಟದೇನೋ ನೋಡು."

"ಮಣ್ಣಿನ ಬಣ್ಣ ಅಲ್ಲ ಇದು" ಎಂದು ನಾನು ನಕ್ಕೆ. ಆಕೆ ಇಡೀ ಉತ್ತರವನ್ನು ನನ್ನ ಕೈಗೆ ಕೊಟ್ಟಿದ್ದಳು, ನಾನು ಕೇಳಿಸಿಕೊಳ್ಳಲಿಲ್ಲ. ಚಾಚಿ ಕೈಗೆ ತುಪ್ಪ ತಿಕ್ಕಿ ಮೂಸಿ, "ಬೇಟಿ, ನನ್ನ ಮೂಗು ಅಸ್ಲಿ ಅಂತದ ನೋಡು" ಎಂದರು. ಮೂಗಿಗೆ ವಿಜ್ಞಾನ ಗೊತ್ತಿಲ್ಲ ಚಾಚಿ ಎಂದು ಅವರ ಬಾಯಿಯನ್ನೂ ಮುಚ್ಚಿಸಿದೆ. ಆಗಲೇ ಅಳೆದು ಹಾಕಿದ್ದ ಎರಡು ಸೇರನ್ನು ಅವ್ವ ಗಡಿಗೆಗೆ ವಾಪಸು ಸುರಿದಳು. ಬಾಣಂತಿ ಹೊಟ್ಟೆಗೆ ಇಂಥದ್ದು ಹಾಕುವುದಕ್ಕೆ ನಿನಗೆ ಹೇಗೆ ಮನಸ್ಸು ಬಂತು ಎಂದೂ ಕೇಳಿದಳು. ಉಳಿದವರು ತಮ್ಮ ಡಬ್ಬಿಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದರು.

ಆಕೆ ಜಗಳ ಮಾಡುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ, ಶಾಪ ಹಾಕುತ್ತಾಳೆ ಎಂದು ನಾನು ಕಾದೆ. ಹಾಗೇನೂ ಆಗಲಿಲ್ಲ. ಆಕೆ ನಳಿಗೆಯನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಹೇಳಿದಳು, "ನೀ ಓದಿದಾಕಿ. ರೊಟ್ಟ್ಯಾಗ ಸಕ್ರಿ ಅದ ಅಂದಿ, ಇತ್ತು. ಹಂಗಾರ ಇದೂ ಇರಬೇಕು." ಸ್ವಲ್ಪ ತಡೆದು, ತನಗೆ ತಾನೇ ಹೇಳಿಕೊಳ್ಳುವಂತೆ, "ಹಾಲು ಹಿಂಡಿದಾಕಿ ನಾನು, ಮಸರು ಕಡದಾಕಿ ನಾನು. ಕಾಸಿದಾಕಿ ಸೊಸಿ..." ಎಂದು ಅಲ್ಲಿಗೇ ನಿಲ್ಲಿಸಿದಳು. ಸಿಂಬೆ ಸರಿಪಡಿಸಿಕೊಂಡು ಗಡಿಗೆ ಎತ್ತಿಕೊಂಡಳು. ಬಸ್ಸಿಗೆ ಇನ್ನೂ ಮೂರು ತಾಸು ಇತ್ತು. ಆ ದಿನ ನಮ್ಮ ಕಟ್ಟೆಯ ಮೇಲೆ ಕೂರಲಿಲ್ಲ.

ನಾನು ಆ ವಾರವೆಲ್ಲ ಓಣಿಯ ಸೈಂಟಿಸ್ಟ್ ಆಗಿದ್ದೆ. ಹಾಲು, ಅರಿಶಿಣ, ಚಹಾಪುಡಿ ಎಂದು ಹೆಂಗಸರು ಪುಡಿಕೆ ಕಟ್ಟಿ ತಂದುಕೊಡುತ್ತಿದ್ದರು. ಅದು ನನಗೆ ಬಹಳ ರುಚಿಸಿತು.

ಹದಿನೈದು ದಿನಕ್ಕೆ ಸರಿಯಾಗಿ ಆಕೆ ಮತ್ತೆ ಬಂದಳು. ತಲೆಯ ಮೇಲೆ ಗಡಿಗೆ ಇರಲಿಲ್ಲ. ಕೈಯಲ್ಲಿ ಒಂದು ಸಣ್ಣ ಸ್ಟೀಲಿನ ಡಬ್ಬಿ. ಒಳಗೆ ನನ್ನ ಗೆಳತಿಯರಿಬ್ಬರು ಓದಲು ಬಂದು ಕೂತಿದ್ದರು, ನಾನು ಬಾಗಿಲಲ್ಲೇ ನಿಂತು ಮಾತಾಡಿದೆ.

"ಸೊಸಿ ಕೂಸಿನ ತಲಿ ಮ್ಯಾಲ ಕೈ ಇಟ್ಟು ಆಣಿ ಮಾಡ್ಯಾಳ, ಏನೂ ಕಲಸಿಲ್ಲ ಅಂತ. ನನಗ ಯಾರನ್ನ ನಂಬಬೇಕು ತಿಳೀದಂಗ ಆಗ್ಯಾದ. ಅದಕ್ಕ ಇದನ್ನ ನಾನೇ ಕಡದು, ನಾನೇ ಕಾಸಿ, ಅದೇ ಗಡಿಗ್ಯಾಗ ಹಾಕಿ ಇಟ್ಟು ತಂದೀನಿ. ಸೊಸಿ ಕೈ ಹಚ್ಚಿಲ್ಲ. ಇನ್ನೊಮ್ಮಿ ನೋಡವ್ವಾ. ಇದೂ ಕೆಂಪಾದ್ರ ತಪ್ಪು ನಿನ್ನ ಔಷಧದ್ದು. ಆಗದಿದ್ರ ತಪ್ಪು ಅಕಿದು."

ಅಕ್ಷರ ಬಾರದ ಮುದುಕಿ ಅದು. ಒಂದನ್ನು ಮಾತ್ರ ಬದಲಿಸಿ ಉಳಿದುದನ್ನೆಲ್ಲ ಹಾಗೆಯೇ ಇಟ್ಟು ನೋಡಬೇಕು ಎಂಬ ಪಾಠವನ್ನು ನಾನು ಈಗ ಎಂ.ಎಸ್ಸಿ. ಮಕ್ಕಳಿಗೆ ವಾರಗಟ್ಟಲೆ ಹೇಳಿಕೊಡುತ್ತೇನೆ. ಆಕೆ ದೇವದುರ್ಗದ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಂದಿದ್ದಳು. ನಾನು ಹೇಳಿದೆ, "ಒಮ್ಮಿ ಕೆಂಪಾದ್ರ ಮುಗೀತವ್ವಾ. ಮತ್ತ ಔಷಧ ತೀರ್ಯಾದ." ಶೀಶೆ ಒಳಗೆ ಗೂಡಿನಲ್ಲಿ ಅರ್ಧ ತುಂಬಿಯೇ ಇತ್ತು. ಯಾಕೆ ಸುಳ್ಳು ಹೇಳಿದೆ? ಗೆಳತಿಯರು ಕೂತಿದ್ದರು, ಮರುದಿನ ಟೆಸ್ಟ್ ಇತ್ತು... ಇವು ನಾನು ಬಹಳ ವರ್ಷ ನನಗೇ ಹೇಳಿಕೊಂಡ ಕಾರಣಗಳು. ನಿಜವೆಂದರೆ ನನಗೆ ಹೆದರಿಕೆಯಾಗಿತ್ತು. ಇದೂ ಕೆಂಪಾಗಿಬಿಟ್ಟರೆ ಓಣಿಗೆಲ್ಲ ಏನು ಹೇಳುವುದು ಎಂಬ ಹೆದರಿಕೆ.

ಆಕೆ ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟಳು. "ಔಷಧ ಬಂದಾಗ ನೋಡಿ ಇಡು. ಮುಂದಿನ ಸಲ ಬಂದು ಕೇಳ್ತೀನಿ" ಎಂದಳು. ಮುಂದಿನ ಸಲ ಬರಲಿಲ್ಲ. ಆಮೇಲೆ ಎಂದೂ ಬರಲಿಲ್ಲ.

ಕೊನೆಯ ವರ್ಷದಲ್ಲಿ ಮೇಷ್ಟ್ರು ಎಣ್ಣೆಗಳ ಪಾಠ ಮಾಡುತ್ತ ಆ ಪರೀಕ್ಷೆಯ ಕಾರಣ ಹೇಳಿದರು. ವನಸ್ಪತಿಯನ್ನು ಸುಲಭವಾಗಿ ಗುರುತು ಹಿಡಿಯಲೆಂದು ಅದಕ್ಕೆ ಸ್ವಲ್ಪ ಎಳ್ಳೆಣ್ಣೆ ಬೆರೆಸಬೇಕೆಂಬ ನಿಯಮವಿದೆ. ಆಮ್ಲದಲ್ಲಿ ಸಕ್ಕರೆ ಒಡೆದು ಹುಟ್ಟುವ ಒಂದು ವಸ್ತು, ಎಳ್ಳೆಣ್ಣೆಯಿಂದ ಬರುವ ಇನ್ನೊಂದು ವಸ್ತುವಿನ ಜೊತೆ ಸೇರಿ ಕೆಂಪಾಗುತ್ತದೆ. ಅಂದರೆ ಆ ಬಣ್ಣ ಹಿಡಿಯುವುದು ಎಳ್ಳನ್ನು, ವನಸ್ಪತಿಯನ್ನಲ್ಲ. ಎಳ್ಳೆಣ್ಣೆ ಬೇಗ ಕಮಟಾಗದಂತೆ ಕಾಯುವುದೂ ಅದೇ ವಸ್ತು ಎಂದರು. ನನ್ನ ಕೈಯಲ್ಲಿದ್ದ ಪೆನ್ನು ನಿಂತಿತು. ತರಗತಿ ಮುಗಿದ ಮೇಲೆ ಅವರ ಹಿಂದೆ ಹೋಗಿ, ಎಳ್ಳೆಣ್ಣೆ ಕುಡಿಸಿದ ಹೊಸ ಗಡಿಗೆಯಲ್ಲಿ ತುಪ್ಪ ಇಟ್ಟರೆ ಏನಾಗುತ್ತದೆ ಎಂದು ಕೇಳಿದೆ.

"ಕೆಂಪಾಗ್ತದ ಮತ್ತ" ಎಂದರು. "ಅದಕ್ಕ ಮೊದಲು ಪಾತ್ರಿ ಯಾವುದು ಅಂತ ಕೇಳಬೇಕು. ಯಾಕ, ಏನಾತು?"

ಏನೂ ಇಲ್ಲ ಸರ್ ಎಂದೆ. ಮನೆಗೆ ಬಂದು ಅಟ್ಟದ ಮೇಲೆ ಹುಡುಕಿದೆ. ಡಬ್ಬಿ ಹಾಗೇ ಇತ್ತು. ಮುಚ್ಚಳ ತೆಗೆದರೆ ತುಪ್ಪ ಹರಳು ಹರಳಾಗಿಯೇ ನಿಂತಿತ್ತು. ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ ಕರಗಿಸಿ, ಗೂಡಿನಲ್ಲಿದ್ದ ಅದೇ ಆಮ್ಲ ಹಾಕಿ ಕುಲುಕಿದೆ. ಕೆಂಪಾಯಿತು. ಸೊಸೆ ಮುಟ್ಟದ ತುಪ್ಪ, ಆಕೆ ತಾನೇ ಕಾಸಿದ ತುಪ್ಪ ಕೆಂಪಾಯಿತು. ಇಬ್ಬರೂ ಏನೂ ಬೆರೆಸಿರಲಿಲ್ಲ.

ಅವ್ವನಿಗೆ ಹೇಳಿದೆ. "ಆಗಿದ್ದು ಆತು. ನಾಡದು ನಿನ್ನ ನೋಡಾಕ ಬರೋರು ಅದಾರ. ಓಣ್ಯಾಗ ಈ ಮಾತು ತೆಗೀಬ್ಯಾಡ" ಎಂದಳು. ಅವ್ವನ ಮೇಲೆ ಹಾಕಿ ನಾನು ಪಾರಾಗುವಂತಿಲ್ಲ. ಆಕೆ ಬೇಡವೆಂದದ್ದು ಓಣಿಯಲ್ಲಿ ಹೇಳುವುದನ್ನು. ದೇವದುರ್ಗಕ್ಕೆ ಹೋಗಬೇಡವೆಂದು ಯಾರೂ ಹೇಳಿರಲಿಲ್ಲ. ಸಂಬಂಧ ಗೊತ್ತಾದ ಮೇಲೆ ಹೋದರಾಯಿತು ಎಂದುಕೊಂಡೆ, ಆಮೇಲೆ ಮದುವೆ, 
ಆಮೇಲೆ ಎಂ.ಎಸ್ಸಿ., ಆಮೇಲೆ ಮಕ್ಕಳು. ಒಮ್ಮೆ ಅವ್ವ ಸಿರವಾರದಲ್ಲಿ ಯಾರದೋ ಮದುವೆಗೆ ಹೋಗಿ ಬಂದು ಸುದ್ದಿ ತಂದಳು. ತುಪ್ಪದವ್ವನ ಊರಿನ ಹೆಂಗಸು ಸಿಕ್ಕಿದ್ದಳಂತೆ. ಅತ್ತೆ ದಿನಾಲು ಅನುಮಾನದಿಂದ ನೋಡುವುದನ್ನು ತಾಳಲಾರದೆ ಸೊಸೆ ಕೂಸನ್ನೆತ್ತಿಕೊಂಡು ತವರಿಗೆ ಹೋದಳಂತೆ, ಮಗನೂ ಹೆಂಡತಿಯ ಹಿಂದೆ ಹೋದನಂತೆ, ಮುದುಕಿ ಎಮ್ಮೆ ಮಾರಿದಳಂತೆ. ಅವ್ವ ಇದನ್ನು ಹೇಳಿ ನನ್ನ ಮುಖ ನೋಡಲಿಲ್ಲ. ನಾನೂ ಅವ್ವನ ಮುಖ ನೋಡಲಿಲ್ಲ. ಅಂದಾದರೂ ಹೊರಡಬೇಕಿತ್ತು. ತಪ್ಪು ದೊಡ್ಡದಾದಷ್ಟೂ ಹೇಳುವ ಬಾಯಿ ಸಣ್ಣದಾಗುತ್ತ ಹೋಯಿತು.

ಕಳೆದ ತಿಂಗಳು ಮಾನ್ವಿಯ ಆ ಅಂಗಳದಲ್ಲಿ ನಿಂತು ನಾನು ಇದನ್ನೆಲ್ಲ ನೆನೆಸಿಕೊಳ್ಳುತ್ತಿದ್ದಾಗ, ರೊಟ್ಟಿಯಾಕೆ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಐವತ್ತು ದಾಟಿದ, ಗಟ್ಟಿ ಮೈಕಟ್ಟಿನ ಹೆಂಗಸು.

"ಎಷ್ಟು ಕಟ್ಟಲ್ರಿ ಮೇಡಂ?"

ನಾನು ಗಡಿಗೆ ತೋರಿಸಿ, ಎಣ್ಣೆ ಯಾಕೆ ಹಚ್ಚಿದ್ದೀರಿ ಎಂದು ಕೇಳಿದೆ.

"ತುಪ್ಪ ಹಾಕಾಕ್ರೀ. ಹೊಸ ಗಡಿಗಿ ತುಪ್ಪ ಕುಡೀತದ. ಅದಕ್ಕ ಮೊದಲು ಎಳ್ಳೆಣ್ಣಿ ಕುಡಿಸಬೇಕು. ನಮ್ಮತ್ತಿ ಕಲಿಸಿದ್ದು."

"ಅತ್ತಿ ಊರು ಯಾವುದು?"

"ದೇವದುರ್ಗದ ಕಡೀಗೆ ಹಳ್ಳಿ. ಒಂದು ಕಾಲಕ್ಕ ರಾಯಚೂರಿಗೆ ತುಪ್ಪ ಒಯ್ತಿದ್ರು."

ನಾನು ಅಲ್ಲೇ ಒರಳಕಲ್ಲಿನ ಮೇಲೆ ಕೂತೆ. ಆಕೆ ಗಾಬರಿಯಾಗಿ ನೀರು ತಂದುಕೊಟ್ಟಳು. ಅತ್ತೆ ಹೇಗಿದ್ದಾರೆ ಎಂದು ಕೇಳಿದೆ. ತೀರಿಕೊಂಡು ಎಂಟು ವರ್ಷವಾಯಿತೆಂದಳು. ವಯಸ್ಸಾದ ಮೇಲೆ ಕೈಲಾಗದೆ ಹೋದಾಗ ತಾನೇ ಹೋಗಿ ಕರೆದುಕೊಂಡು ಬಂದಳಂತೆ, ಕೊನೆಯ ನಾಲ್ಕು ವರ್ಷ ಈ ಮನೆಯಲ್ಲೇ ಇದ್ದರಂತೆ. "ನನ್ನ ಕೂಡ ಚಲೋನೇ ಇದ್ರು. ಮಮ್ಮಗನ ಮ್ಯಾಲ ಜೀವ. ಆದ್ರ ನಾ ಕಾಸಿದ ತುಪ್ಪ ಒಂದು ಹನಿ ಮುಟ್ಟಲಿಲ್ಲ ನೋಡ್ರಿ. ಡಾಕ್ಟರು ಹೇಳಿದ್ರು, ಮೈಯಾಗ ಏನೂ ಉಳದಿಲ್ಲ, ಎಣ್ಣಿ ತುಪ್ಪ ತಿನ್ಲಿ ಅಂತ. ತಾಟಿನ್ಯಾಗ ಹಾಕಿದ್ರ ರೊಟ್ಟಿ ಬಾಜೂಕ ಸರಿಸಿ ಇಡ್ತಿದ್ರು. ಒಣಾ ರೊಟ್ಟಿ ತಿಂದೇ ಹೋದ್ರು."

ನಾನು ಹೇಳಿದೆ. ಆ ರಾಯಚೂರಿನ ಹುಡುಗಿ ನಾನೇ ಎಂದು ಹೇಳಿದೆ. ನಳಿಗೆ, ಆಮ್ಲ, ಸಕ್ಕರೆ, ಎಳ್ಳೆಣ್ಣೆ, ಅಟ್ಟದ ಮೇಲಿನ ಡಬ್ಬಿ, ಅದೂ ಕೆಂಪಾದದ್ದು, ಎಲ್ಲ ಹೇಳಿದೆ. ನಿಮ್ಮದು ಏನೂ ತಪ್ಪಿರಲಿಲ್ಲ ಎಂದೆ. ಆಕೆ ನಿಂತೇ ಕೇಳಿಸಿಕೊಂಡಳು. ಬೈಯುತ್ತಾಳೆ ಎಂದುಕೊಂಡೆ, ಬೈದರೆ ಹಗುರಾಗುತ್ತೇನೆ ಎಂಬ ಆಸೆಯೂ ಇತ್ತು.

"ಇದನ್ನ ನನಗ್ಯಾಕ ಹೇಳ್ತೀರ್ರಿ ಮೇಡಂ?" ಎಂದಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ನಾ ಏನೂ ಕಲಸಿಲ್ಲ ಅಂತ ನನಗ ಅವತ್ತೇ ಗೊತ್ತಿತ್ತಲ್ಲ. ಗೊತ್ತಾಗಬೇಕಿದ್ದು ನಮ್ಮತ್ತಿಗೆ."

ಒಳಗೆ ಹೆಂಚಿನ ಮೇಲೆ ರೊಟ್ಟಿ ಸೀಯತೊಡಗಿತೆಂದು ಆಕೆ ಹೋದಳು. ಸ್ವಲ್ಪ ಹೊತ್ತಿಗೆ ಹತ್ತು ರೊಟ್ಟಿ ಕಾಗದದಲ್ಲಿ ಸುತ್ತಿ ತಂದು ಕೈಗೆ ಕೊಟ್ಟಳು.

ನಾನು ಮಾನ್ವಿಗೆ ಬಂದು ಹನ್ನೆರಡು ವರ್ಷವಾಯಿತು. ದಿನಾಲು ಸಂಜೆ ಆ ಓಣಿಯ ಬಾಯಿಗೆ ನಿಂತೇ ರಾಯಚೂರಿನ ಬಸ್ಸಿಗೆ ಕಾಯುತ್ತೇನೆ. ಅದರಲ್ಲಿ ಮೊದಲ ನಾಲ್ಕು ವರ್ಷ ತುಪ್ಪದವ್ವ ಅಲ್ಲಿಂದ ನೂರು ಹೆಜ್ಜೆ ದೂರದಲ್ಲಿ ಕೂತು, ಸೊಸೆ ಹಾಕಿದ ತುಪ್ಪವನ್ನು ಪಕ್ಕಕ್ಕೆ ಸರಿಸಿ ಒಣ ರೊಟ್ಟಿ ತಿನ್ನುತ್ತಿದ್ದಳು. ಬಸ್ಸು ಅನೇಕ ಸಲ ಅರ್ಧ ತಾಸು ತಡವಾಗಿ ಬರುತ್ತಿತ್ತು. ನಾನು ಹೇಳಬೇಕಾಗಿದ್ದದ್ದು ಎರಡೇ ಮಾತು.